ಕಣಜದ ಕಂಬಗಳು ಬಿರುಕು ಬಿಟ್ಟ ಚಳಿಗಾಲ

ಪಶ್ಚಿಮ ಲಂಡನ್ನಿನ ಒಂದು ಕೌನ್ಸಿಲ್‌ನಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣಾಧಿಕಾರಿಯಾಗಿದ್ದು ನಿವೃತ್ತಳಾದವಳು ನಾನು. ವಾಸ್ತುಶಿಲ್ಪ ಓದಿದ ನಮ್ಮ ಕಡೆಯ ಒಂದಿಬ್ಬರು ಹುಡುಗಿಯರು ಈಗ ಇದೇ ಕೆಲಸಕ್ಕೆ ಸೇರಿದ್ದಾರೆ. ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಹೆಲ್ಮೆಟ್ ಹಾಕಿಕೊಂಡು ಅಟ್ಟ ಹತ್ತಿ, ಟಾರ್ಚಿನ ಬೆಳಕಿನಲ್ಲಿ ಪುರಾತನ ತೊಲೆಗಳನ್ನು ನೇವರಿಸುವ ಚಿತ್ರ ಅವರ ತಲೆಯಲ್ಲಿತ್ತು. ಅಂಥ ದಿನಗಳೂ ಇರುತ್ತವೆ. ಉಳಿದ ದಿನಗಳಲ್ಲಿ ನೀವು ಮೀಟಿಂಗ್ ಕೋಣೆಯಲ್ಲಿ ಕುಳಿತು, ಮರವನ್ನು ಎಂದೂ ಮುಟ್ಟದವರಿಗೆ ಮರ ಎಂದರೇನು ಎಂದು ತಿಳಿಸಬೇಕು. ಅವರು ನಿಮ್ಮ ಮೇಲಧಿಕಾರಿಗಳು. ಕೇಳಿಸಿಕೊಳ್ಳುವುದು ಅವರ ಕೆಲಸದ ಭಾಗವಲ್ಲ.

ಕೌನ್ಸಿಲ್ ಸೇರುವ ಮೊದಲು ಕಟ್ಟಡ ಉದ್ಯಮದ ಒಂದು ವಾರಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದೆ. ಕಂಡದ್ದನ್ನು ಒಂದು ಕಡೆ, ಕೇಳಿದ್ದನ್ನು ಇನ್ನೊಂದು ಕಡೆ ಬರೆಯುವುದನ್ನು ಅಲ್ಲಿ ಕಲಿತೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಮೊದಲು ಓಕ್ ಮರದ ಬಗ್ಗೆ ನಾಲ್ಕು ಮಾತು. ಇಂಗ್ಲೆಂಡಿನ ಹಳೆಯ ಮರದ ಕಟ್ಟಡಗಳಲ್ಲಿ ಬಹುಪಾಲು ಹಸಿ ಓಕ್‌ನಿಂದ ಕಟ್ಟಿದವು. ಕಡಿದ ಮರವನ್ನು ಒಣಗಲು ಬಿಡದೆ, ರಸ ಜಿನುಗುತ್ತಿರುವಾಗಲೇ ಕೆತ್ತಿ, ಒಂದರ ತುದಿಯನ್ನು ಇನ್ನೊಂದರ ತೂತಿಗೆ ಸೇರಿಸಿ, ಒಣ ಮರದ ಗೂಟ ಹೊಡೆದು ನಿಲ್ಲಿಸುತ್ತಾರೆ. ಹಸಿ ಓಕ್ ಉಳಿಗೆ ಬಗ್ಗುತ್ತದೆ. ಒಣಗಿದ ಓಕ್ ಉಳಿಯನ್ನೇ ಮೊಂಡು ಮಾಡುತ್ತದೆ. ಕಟ್ಟಿದ ಮೇಲೆ ಮರ ವರ್ಷಗಟ್ಟಲೆ ನಿಂತಲ್ಲೇ ಒಣಗಿ ಕುಗ್ಗಿದಂತೆ ಆ ಜೋಡಣೆಗಳು ಬಿಗಿಯಾಗುತ್ತವೆ. ಒಣಗುವಾಗ ಕಂಬದ ಉದ್ದಕ್ಕೂ ಬಿರುಕು ಬೀಳುತ್ತದೆ. ಬೀಳಲೇಬೇಕು. ಅದರಿಂದ ಕಂಬದ ಬಲ ಕಡಿಮೆಯಾಗುವುದಿಲ್ಲ. ಇಷ್ಟನ್ನು ತಿಳಿಯಲು ಪದವಿ ಬೇಕಿಲ್ಲ. ತಿಳಿಯದೆ ಉಳಿಯಲು ಮಾತ್ರ ಪದವಿ ಸಹಾಯ ಮಾಡುತ್ತದೆ ಎಂದು ಹಲವು ಸಲ ಅನ್ನಿಸಿದೆ.

ಒಬ್ಬ ಶ್ರೀಮಂತರ ಮನೆಯ ದುರಸ್ತಿ ನೆನಪಾಗುತ್ತದೆ. ಹೊಸ ಓಕ್ ತೊಲೆಗಳು ಹೊಸದಾಗಿ ಕಾಣುತ್ತಿವೆ ಎಂದು ಮನೆಯೊಡತಿಗೆ ಬೇಸರ. ಅವರ ವಾಸ್ತುಶಿಲ್ಪಿ ಇಬ್ಬರು ಕೂಲಿಗಳ ಕೈಗೆ ಸೈಕಲ್ ಚೈನ್ ಕೊಟ್ಟು ತೊಲೆಗಳನ್ನು ಹೊಡೆಸಿದರು. ಆಮೇಲೆ ಕಪ್ಪು ಬಣ್ಣ ಬಳಿಸಿದರು. ನಾನು ಹೋದಾಗ ಆಕೆ ಹೆಮ್ಮೆಯಿಂದ, “ಈಗ ನೋಡಿ, ನಿಜವಾದ ಹಳೆಯ ಮನೆಯ ಹಾಗಿಲ್ಲವೇ?” ಎಂದರು. ಅದೇ ಕೋಣೆಯಲ್ಲಿ ಶತಮಾನಗಳ ಹಿಂದಿನ ನಿಜವಾದ ತೊಲೆಯೊಂದಿತ್ತು. ಅದರ ಬಣ್ಣ ತೆಳು ಬೂದಿ. ಹೊಸದರ ಪಕ್ಕದಲ್ಲಿ ಅದು ಕಳೆಗುಂದಿ ಕಾಣುತ್ತದೆಂದು ಅದಕ್ಕೂ ಕಪ್ಪು ಬಳಿದಿದ್ದರು.

ಸಟನ್ ಕಡೆಯ ಒಂದು ಚರ್ಚಿನ ಮುಖಮಂಟಪದ ಕಥೆಯೂ ಇದೆ. ಓಕ್‌ನಲ್ಲಿ ಒಗರು ಹೆಚ್ಚು. ಸಾಧಾರಣ ಕಬ್ಬಿಣ ತಾಗಿ ಮೇಲೆ ಮಳೆ ಬಿದ್ದರೆ ನೀಲಿಗಪ್ಪು ಕಲೆ ಇಳಿಯುತ್ತದೆ. ಹಿಂದಿನವರು ಇದರಿಂದಲೇ ಶಾಯಿ ಮಾಡುತ್ತಿದ್ದರು. ತುಕ್ಕು ಹಿಡಿಯದ ಉಕ್ಕಿನ ಬೋಲ್ಟ್ ಹಾಕಿ ಎಂದು ಸಲಹೆ ಕೊಟ್ಟಿದ್ದರೂ ಸಾಧಾರಣದ್ದನ್ನೇ ಹಾಕಿದರು. ಮೊದಲ ಮಳೆಗೆ ಮಂಟಪ ಕಣ್ಣಿನ ಕಾಡಿಗೆ ಸೋರಿದ ಹಾಗೆ ಕಂಡಿತು. ಅಲ್ಲಿನ ಅಧಿಕಾರಿ ಅದನ್ನು ರೋಗವೆಂದು ತಿಳಿದು ಶಿಲೀಂಧ್ರ ತಜ್ಞರನ್ನು ಕರೆಸಿದರು. ತಜ್ಞರು ಬಂದು ಮಾದರಿ ಕೊಯ್ದುಕೊಂಡು ಹೋದರು. ತಜ್ಞರನ್ನು ಕರೆದರೆ ಅವರು ಮಾದರಿ ಕೊಯ್ದೇ ಕೊಯ್ಯುತ್ತಾರೆ.

ಕೆಲಸದ ವಿಧಾನವೂ ನನ್ನ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ತೊಲೆಯನ್ನು ಚಾಕುವಿನಿಂದ ಚುಚ್ಚಿ, ಸುತ್ತಿಗೆಯಿಂದ ತಟ್ಟಿ, ಮೂಗು ಹತ್ತಿರ ತಂದು ನೋಡುತ್ತಿದ್ದೆವು. ನಿವೃತ್ತಳಾಗುವ ಹೊತ್ತಿಗೆ ಲೇಸರ್ ಯಂತ್ರ ಬಂದಿತ್ತು. ಕಟ್ಟಡದ ಒಂದೊಂದು ಗಂಟನ್ನೂ ಅದು ಪರದೆಯ ಮೇಲೆ ತಿರುಗಿಸಿ ತೋರಿಸುತ್ತದೆ. ಒಳ್ಳೆಯ ಯಂತ್ರವೇ. ಆದರೆ ಪರದೆಯ ಮೇಲೆ ತಿರುಗಿಸಿ ನೋಡಿದವರಿಗೆ ಕಟ್ಟಡದ ತನಕ ಹೋಗುವ ಅಗತ್ಯ ಕಾಣುವುದಿಲ್ಲ.

ಇನ್ನು ಕಣಜದ ವಿಷಯ. ನನ್ನ ವೃತ್ತಿಯ ಎಲ್ಲ ಬಗೆಯ ಮೂರ್ಖತನವೂ ಅಲ್ಲಿ ಒಂದೇ ಸೂರಿನಡಿ ಸೇರಿತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಕ್ಸ್‌ಬ್ರಿಡ್ಜ್‌ನ ಹೊರವಲಯದಲ್ಲಿ ಒಂದು ಹಳೆಯ ಧಾನ್ಯದ ಕಣಜವಿದೆ. ಓಕ್ ಕಂಬ, ಓಕ್ ತೊಲೆ, ಮೇಲೆ ಹೆಂಚು. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಕುಂದಾಪುರದ ರತ್ನಾಕರ ಶೆಟ್ಟರು ಅದನ್ನು ದೀರ್ಘ ಲೀಸ್‌ಗೆ ಪಡೆದು ಹೋಟೆಲು ಮಾಡಲು ಹೊರಟಿದ್ದರು. ಅವರ ಮೊದಲಿನ ಹೋಟೆಲಿದ್ದ ಕಟ್ಟಡವನ್ನು ಮಾಲೀಕರು ಫ್ಲ್ಯಾಟ್ ಕಟ್ಟಲು ವಾಪಸು ತೆಗೆದುಕೊಂಡಿದ್ದರು. ಊರಿನಿಂದ ಬಂದ ಅಡುಗೆಯವರು ಇವರನ್ನೇ ನಂಬಿಕೊಂಡಿದ್ದರು. ಆ ಅಡುಗೆಯವರ ವೀಸಾ ಇವರ ಹೋಟೆಲಿಗೆ ಅಂಟಿಕೊಂಡದ್ದು. ಹೋಟೆಲು ಇಲ್ಲದಿದ್ದರೆ ಅವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ವಿಮಾನ ಹತ್ತಬೇಕು. ಕಣಜ ತೆರೆಯುತ್ತದೆಯೋ ಇಲ್ಲವೋ ಎಂಬುದು ಶೆಟ್ಟರಿಗೆ ವ್ಯಾಪಾರದ ಪ್ರಶ್ನೆ, ಆ ಅಡುಗೆಯವರಿಗೆ ಮನೆಮಠದ ಪ್ರಶ್ನೆ.

ಗಾಳಿಮಳೆ ಹೊಡೆಯುವ ಪಕ್ಕದ ಕಂಬಗಳು ಬುಡದಿಂದ ಕೊಳೆತಿದ್ದವು. ಅವುಗಳನ್ನು ತೆಗೆದು ಹಸಿ ಓಕ್‌ನ ಹೊಸ ಕಂಬ ನಿಲ್ಲಿಸಲು ನಾನೇ ಒಪ್ಪಿಗೆ ಬರೆದಿದ್ದೆ. ಕೆಲಸ ಮಾಡಿದ ಬಡಗಿ ಲೆನ್. ಕೈ ಚೆನ್ನಾಗಿತ್ತು, ಬಾಯಿ ಇರಲಿಲ್ಲ. ಓಕ್ ಒಣಗುವಾಗ ಒಡೆಯುತ್ತದೆ ಎಂದು ಶೆಟ್ಟರಿಗೆ ಅವನು ಒಂದು ಮಾತೂ ಹೇಳಿರಲಿಲ್ಲ. ಮಳೆ ಒದ್ದೆಯಾಗಿರುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ ಎಂಬುದು ಆಮೇಲೆ ಅವನು ಕೊಟ್ಟ ಸಮಜಾಯಿಷಿ. ನುರಿತ ಕೆಲಸಗಾರರ ಈ ಮೌನವನ್ನು ಜನ ಗಾಂಭೀರ್ಯ ಎಂದು ಹೊಗಳುತ್ತಾರೆ. ಬಹಳ ಸಲ ಅದು ಬರೀ ಸೋಮಾರಿತನ.

ಕಂಬ ನಿಂತ ಮೇಲೆ ಶೆಟ್ಟರ ಮಾವ ಬಂದರು. ತಾಯಿಯ ಅಣ್ಣ. ಶೆಟ್ಟರ ಮನೆತನದಲ್ಲಿ ಸೋದರಮಾವನ ಮಾತು ಎಂದರೆ ತಂದೆಯ ಮಾತಿಗಿಂತ ಒಂದು ಗೇಣು ಮೇಲೆ. ಅಳಿಯ ಲಂಡನ್ನಿನಲ್ಲಿ ಎಷ್ಟು ದೊಡ್ಡವನಾದರೂ ಮಾವ ನಿಂತಿರುವಾಗ ಕುರ್ಚಿಯಲ್ಲಿ ಕೂರುವುದಿಲ್ಲ. ಈ ಮಾವ ಊರಿನಲ್ಲಿ ಮರದ ಮಿಲ್ಲು ನಡೆಸಿದವರು. ಕಣಜದೊಳಗೆ ಕಾಲಿಟ್ಟವರೇ ಹೊಸ ಕಂಬವನ್ನು ಗೆಣ್ಣಿನಿಂದ ಕುಟ್ಟಿ, ಮೂಸಿ, ಅಂಗೈಯಿಂದ ಒರೆಸಿ ನೋಡಿದರಂತೆ.

“ಹಸಿ ಮರ ಮಾರಾಯ! ಹುಳಿ ವಾಸನೆ ಹೊಡಿತಾ ಇತ್ತ್. ಹೀಂಗಿಪ್ಪ ಮರದಲ್ಲಿ ನಮ್ಮಲ್ಲಿ ದನಿನ ಹಟ್ಟಿ ಸೈತ ಕಟ್ಟುದಿಲ್ಲ. ನಿಂಗೆ ಯಾರ್ ಮಂಕುಬೂದಿ ಎರಚಿದ್ದ್?”

ತೇಗ, ಹಲಸು ಕೊಯ್ದ ಕೈಗೆ ಅದು ಸರಿಯಾದ ಮಾತೇ. ಆ ಮರಗಳನ್ನು ಒಣಗಿಸದೆ ಬಳಸುವವನು ದಡ್ಡ. ಆದರೆ ಎದುರಿಗಿದ್ದದ್ದು ತೇಗವಲ್ಲ, ಊರು ಕುಂದಾಪುರವಲ್ಲ. ಮಾವ ಅಪ್ಪಣೆ ಕೊಟ್ಟರು: ಮರ ಒಣಗಿಸು. ಶೆಟ್ಟರು ಮದುವೆ ಡೇರೆಗಳಿಗೆ ಬಳಸುವ ದೊಡ್ಡ ಬಿಸಿಗಾಳಿ ಯಂತ್ರಗಳನ್ನು ಬಾಡಿಗೆಗೆ ತಂದು ಕಣಜದೊಳಗೆ ಹಚ್ಚಿಸಿದರು. ಲೆನ್‌ಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಮಾವ ಹೇಳಿದ ಮೇಲೆ ಇನ್ನು ಯಾರನ್ನು ಕೇಳುವುದು?

ವರ್ಷಗಟ್ಟಲೆ ನಿಧಾನವಾಗಿ ಒಣಗಬೇಕಾದ ಮರ ಹಪ್ಪಳದ ಹಾಗೆ ಒಣಗತೊಡಗಿತು. ಒಂದು ಮುಂಜಾನೆ ಶೆಟ್ಟರ ಫೋನು ಬಂತು.

“ಅಕ್ಕ, ಒಂದ್ಸಲ ಬನ್ನಿ. ಕಂಬ ಪಟಾಕಿ ಹೊಡ್ದಂಗೆ ಸದ್ದ್ ಮಾಡ್ತಾ ಇತ್ತ್. ಕೈ ಹೋಪಷ್ಟ್ ಬಾಯಿ ಬಿಟ್ಟಿತ್.”

ಹೋಗಿ ನೋಡಿದರೆ ಒಳಗೆ ಊರಿನ ಬೇಸಿಗೆ. ಬಿಸಿಗಾಳಿ ಯಂತ್ರಗಳು ಕಂಬಗಳ ಕಡೆಗೇ ಮುಖ ಮಾಡಿ ಗೊರಗೊರ ಎನ್ನುತ್ತಿದ್ದವು. ಬಿರುಕುಗಳು ಇರಬೇಕಾದದ್ದಕ್ಕಿಂತ ಅಗಲವಾಗಿದ್ದವು. ಆದರೂ ಉದ್ದಕ್ಕೆ ಬಿದ್ದ ಬಿರುಕು, ಅಡ್ಡಲಾಗಿ ಅಲ್ಲ. ಜೋಡಣೆಗಳು ಬಿಗಿಯಾಗಿಯೇ ಇದ್ದವು. ಗೂಟ ಒಂದೂ ಸಡಿಲವಾಗಿರಲಿಲ್ಲ. ಕಟ್ಟಡಕ್ಕೆ ಅಪಾಯವಿರಲಿಲ್ಲ.

“ಈ ಹೀಟರ್ ಯಾರು ಹಾಕಿದ್ದು ರತ್ನಾಕರ್?”

ಶೆಟ್ಟರು ಮಾವನ ಕಡೆ ನೋಡಲಿಲ್ಲ. ಅವರ ಹೆಂಡತಿ ವನಜಾ ಪಾತ್ರೆಯ ಪೆಟ್ಟಿಗೆಯ ಮೇಲೆ ಕುಳಿತಿದ್ದರು. ಅವರೇ ಉತ್ತರ ಕೊಟ್ಟರು.

“ಮಾವ ಹೇಳ್ರ್ ಅಕ್ಕ, ಇವ್ರ್ ಹಾಕ್ರ್. ನಾಳೆ ಮಾವ ಒಲಿ ಮೇಲ್ ಕೂಕೋ ಅಂದ್ರೂ ಇವ್ರ್ ಕೂಕಂತ್ರ್. ಗ್ಯಾಸ್ ಹಚ್ಕಾ ಬ್ಯಾಡ್ದಾ ಅಂದೇಳಿ ಕೇಂತ್ರ್, ಅಷ್ಟೇ.”

ನಾನು ಯಂತ್ರ ಆರಿಸಲು ಹೇಳಿದೆ. ಶೆಟ್ಟರು ಕೈ ಹಿಸುಕಿಕೊಂಡು ನಿಂತರು. ಮಾವ ಕಿಟಕಿಯಾಚೆ ನೋಡುತ್ತಿದ್ದರು. ಯಂತ್ರ ಉರಿಯುತ್ತಲೇ ಇತ್ತು. ಕೌನ್ಸಿಲ್‌ನ ಅಧಿಕಾರ ಆ ಕೋಣೆಯಲ್ಲಿ ಎಷ್ಟು ಎಂದು ಆಗ ಸ್ಪಷ್ಟವಾಯಿತು.

ಅದೇ ವಾರ ನಮ್ಮ ವಿಭಾಗದ ಮುಖ್ಯಸ್ಥ ಗ್ರಹಾಂ ಕಣಜಕ್ಕೆ ಬಂದರು. ನನ್ನ ಹೆಸರು ಸುಮಂಗಲಾ ಎಂಬುದು ಉದ್ದವಾಯಿತೆಂದು ಅವರು ಮೊದಲ ದಿನವೇ ‘ಸೂ’ ಎಂದು ಮೊಟಕುಗೊಳಿಸಿಕೊಂಡಿದ್ದರು. ಕಟ್ಟಡವನ್ನು ಅವರು ನೋಡುತ್ತಿರಲಿಲ್ಲ, ಕಟ್ಟಡದಿಂದ ತಮ್ಮ ಮೇಲೆ ಏನು ಬೀಳಬಹುದು ಎಂದು ನೋಡುತ್ತಿದ್ದರು. ಬಿರುಕಿನೆದುರು ನಿಂತು ಫೋನಿನಲ್ಲಿ ಫೋಟೊ ತೆಗೆದರು. ಫೋಟೊದಲ್ಲಿ ಬಿರುಕು ಇನ್ನೂ ದೊಡ್ಡದಾಗಿ ಬಂತು. ಅದನ್ನೇ ನೋಡುತ್ತಾ, “ಇದು ರಿಸ್ಕ್, ಸೂ” ಎಂದರು.

ಮಾವನಿಗೆ ಇಂಗ್ಲಿಷ್ ಬಾರದು, ಗ್ರಹಾಂಗೆ ಕನ್ನಡ ಬಾರದು. ನಡುವೆ ದುಭಾಷಿ ನಾನು.

“ಈ ಮಹನೀಯರು ಯಾರು?”

“ಮಾಲೀಕರ ಸೋದರಮಾವ. ಮರದ ಮಿಲ್ಲು ನಡೆಸಿದವರು.”

“ಓ, ಪರಿಣತರು. ಏನು ಹೇಳುತ್ತಾರೆ?”

ನಾನು ಅದನ್ನು ಕನ್ನಡದಲ್ಲಿ ಕೇಳುವ ತನಕ ಮಾವ ಕಾಯಲಿಲ್ಲ. “ಈ ದೊರೆಗೆ ಹೇಳಿ ಅಮ್ಮ. ಮರ ಹಸಿ. ಬಡಗಿ ಕಳ್ಳ. ಒಡಕಿಗೆಲ್ಲ ಮೇಣ ತುಂಬ್ಸಿ ಮೇಲಿಂದ ದಪ್ಪಕ್ಕೆ ಎಣ್ಣಿ ಬಳಿಕ್.”

ಇದ್ದುದನ್ನು ಇದ್ದ ಹಾಗೆ ಅನುವಾದಿಸಿದೆ. ಕಳ್ಳ ಎಂಬುದನ್ನು ಮಾತ್ರ ‘ಬಡಗಿಯ ಬಗ್ಗೆ ಅವರಿಗೆ ಸಮಾಧಾನವಿಲ್ಲ’ ಎಂದೆ. ಗ್ರಹಾಂ ಮುಖ ಅರಳಿತು. ಅವರೂ ಅದನ್ನೇ ಯೋಚಿಸಿದ್ದರಂತೆ. ಬಿರುಕುಗಳಿಗೆ ರೆಸಿನ್ ಅಂಟು ಸುರಿದು ಮುಚ್ಚಿಸಿ, ಮೇಲೆ ಗಟ್ಟಿ ಲೇಪ ಕೊಡಿಸಿದರೆ ಕಣ್ಣಿಗೂ ಕಾಣದು, ಕಡತಕ್ಕೂ ಸಾಕು. ಇಬ್ಬರೂ ಕೈ ಕುಲುಕಿದರು. ಎರಡು ಖಂಡಗಳ ಅನುಭವ ಒಂದೇ ತಪ್ಪಿನಲ್ಲಿ ಕೂಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅನುವಾದ ಮಾಡಿದವಳೂ ನಾನೇ.

ಮಳೆ ಹೊಡೆಯುವ ಕಂಬದ ಬಿರುಕಿಗೆ ಅಂಟು ತುಂಬಿದರೆ ಏನಾಗುತ್ತದೆ ಎಂದು ಯಾರಿಗಾದರೂ ಗೊತ್ತಿರಲಿ ಎಂದು ಬರೆಯುತ್ತೇನೆ. ಮರ ಮುಂದೆಯೂ ಕುಗ್ಗುತ್ತದೆ, ಅಂಟು ಕುಗ್ಗುವುದಿಲ್ಲ. ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಆ ಸಂದಿನಲ್ಲಿ ನೀರು ಇಳಿಯುತ್ತದೆ, ಹೊರಗೆ ಬರುವುದಿಲ್ಲ. ಕಂಬ ಒಳಗಿನಿಂದ ಕೊಳೆಯುತ್ತದೆ. ಅಂಟನ್ನು ಕೀಳಲು ಹೋದರೆ ಮರವೂ ಕಿತ್ತು ಬರುತ್ತದೆ. ಬಿರುಕನ್ನು ತೆರೆದೇ ಬಿಟ್ಟರೆ ಒದ್ದೆಯಾದದ್ದು ಗಾಳಿಗೆ ಒಣಗುತ್ತದೆ. ಇದನ್ನು ನಾನು ಗ್ರಹಾಂಗೆ ಹೇಳಿದೆ. “ತಾಂತ್ರಿಕ ವಿವರ ಚೆನ್ನಾಗಿದೆ, ಸೂ. ರೆಸಿನ್‌ಗೆ ಒಪ್ಪಿಗೆ ಎಂದು ನೀವು ಸಹಿ ಹಾಕಿ ಕಳಿಸಿ” ಎಂದರು. ಹಾಕುವುದಿಲ್ಲ ಎಂದೆ. ಹಾಗಾದರೆ ತಾವೇ ಹಾಕುವುದಾಗಿ ಹೇಳಿದರು. ಆದರೆ ಸುರಿಸಬೇಕಾದವರು ಲೀಸ್‌ದಾರ ಶೆಟ್ಟರು. ಶೆಟ್ಟರು ಬೇಡವೆಂದರೆ ಸುರಿಯುವಂತಿರಲಿಲ್ಲ. ಅವರು ಬೇಡವೆನ್ನಬೇಕಾದರೆ ಮಾವ ಬೇಡವೆನ್ನಬೇಕು. ಲೀಸ್ ಪತ್ರದಲ್ಲಿ ಯಾರ ಹೆಸರಿದೆ ಎಂದು ಗ್ರಹಾಂಗೆ ಗೊತ್ತಿತ್ತು. ಯಾರ ಮಾತು ನಡೆಯುತ್ತದೆ ಎಂದು ಗೊತ್ತಿರಲಿಲ್ಲ.

ಗ್ರಹಾಂ ಹೋದ ಮೇಲೆ ಮಾವನ ಹತ್ತಿರ ಹೋದೆ. ವಾದ ಮಾಡಿ ಉಪಯೋಗವಿಲ್ಲ ಎಂದು ನಲವತ್ತರ ನಂತರದ ಯಾವ ಹೆಂಗಸಿಗೂ ಗೊತ್ತಿರುತ್ತದೆ.

“ಮಾವ, ನೀವು ಹೊಸ ಕಂಬ ನೋಡಿದ್ರಿ. ಹಳೇದು ನೋಡಿದ್ರಾ?”

“ಹಳೇದ್ ಎಂತ ಕಾಂಬುದ್? ಅದ್ ಗಟ್ಟಿ ಇತ್ತಲೆ.”

“ಬನ್ನಿ, ಒಂದು ನಿಮಿಷ.”

ಮಳೆ ತಾಗದ ಪಕ್ಕದಲ್ಲಿ ಮೂಲ ಕಂಬಗಳು ಹಾಗೆಯೇ ಉಳಿದಿದ್ದವು. ಅಲ್ಲಿ ದೀಪ ಇನ್ನೂ ಹಾಕಿಸಿರಲಿಲ್ಲ. ಎಲ್ಲರೂ ಹೊಸದನ್ನೇ ನೋಡುತ್ತಿದ್ದುದರಿಂದ ಆ ಕಡೆ ಯಾರೂ ಸುಳಿದಿರಲಿಲ್ಲ. ನಾನು ಟಾರ್ಚ್ ಹಿಡಿದೆ. ಕಂಬದ ತಲೆಯಿಂದ ಬುಡದವರೆಗೆ ಬಿರುಕು. ಪಕ್ಕದ್ದರಲ್ಲೂ ಬಿರುಕು. ಮೇಲಿನ ತೊಲೆಯಲ್ಲೂ ಬಿರುಕು. ಅಂಚುಗಳು ಕೈಯಾಡಿ ಆಡಿ ನುಣುಪಾಗಿದ್ದವು. ಮಾವ ಬೆರಳು ತೂರಿಸಿದರು. ಗೆಣ್ಣಿನವರೆಗೆ ಹೋಯಿತು. ಒಳಗಿನಿಂದ ಹಳೆಯ ಹುಲ್ಲಿನ ಕಡ್ಡಿ, ಯಾವುದೋ ಹಕ್ಕಿಯ ಪುಕ್ಕ ಹೊರಗೆ ಬಂತು. ಗೂಟವನ್ನು ಒತ್ತಿ ನೋಡಿದರು. ಅಲ್ಲಾಡಲಿಲ್ಲ. ಬಿರುಕಿನೊಳಗೆ ಉಗುರಿನಿಂದ ಕೆರೆದರು. ಮರದ ಒಳತಿರುಳು, ಚೇಗು, ಕಬ್ಬಿಣದ ಹಾಗಿತ್ತು.

ಆಮೇಲೆ ಅಲ್ಲಿಂದಲೇ ಕೂಗಿದರು.

“ಹೋಯ್ ರತ್ನಾಕರ! ಆ ಬಿಸಿಗಾಳಿ ನಿಲ್ಸ್. ಯಾರ್ ಹಚ್ಚುಕೆ ಹೇಳದ್ದ್ ಅದನ್ನ್?”

ಶೆಟ್ಟರು ಓಡಿದರು. ವನಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮರುದಿನದಿಂದ ಹಸಿ ಓಕ್‌ನ ಮಹಿಮೆಯನ್ನು ಮಾವನೇ ಎಲ್ಲರಿಗೂ ಹೇಳತೊಡಗಿದರು. ಲೆನ್‌ಗೂ ಹೇಳಿದರು, ಕನ್ನಡದಲ್ಲಿಯೇ, ಕೈಸನ್ನೆ ಸಮೇತ. ಲೆನ್ ಚಹಾ ಕುಡಿಯುತ್ತಾ ತಲೆಯಾಡಿಸಿದ. ಗ್ರಹಾಂ ರೆಸಿನ್ ಕಂಪನಿಯವರನ್ನು ಕರೆದುಕೊಂಡು ಬಂದ ದಿನ ಮಾವ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ಈ ದೊರೆಗೆ ಹೇಳಿ ಅಮ್ಮ. ಈ ಮರ ಒಡಿಕ್. ಒಡ್ದ್ರೇ ಅದ್ ಮರ. ನಾನ್ ಮೊದ್ಲೇ ಹೇಳಿದ್ನಲೆ.”

“ಏನು ಹೇಳುತ್ತಾರೆ?” ಎಂದರು ಗ್ರಹಾಂ.

“ಬೇಡ ಅನ್ನುತ್ತಾರೆ.”

“ಮೊನ್ನೆ ಬೇಕು ಅಂದಿದ್ದರಲ್ಲ?”

“ಮೊನ್ನೆ ಅವರು ಹಳೆಯ ಕಂಬ ನೋಡಿರಲಿಲ್ಲ. ನೀವೂ ನೋಡಬಹುದು. ಹತ್ತು ಹೆಜ್ಜೆ ಅಷ್ಟೆ.”

ಗ್ರಹಾಂ ತಮ್ಮ ಗಡಿಯಾರ ನೋಡಿದರು. ಹಳೆಯ ಕಂಬ ನೋಡಲಿಲ್ಲ. ಬಿರುಕುಗಳನ್ನು ಮುಚ್ಚುವ ತನಕ ಕೆಲಸ ಮುಗಿದಿದೆ ಎಂಬ ಸಹಿ ಬೀಳುವುದಿಲ್ಲ ಎಂದು ಅಲ್ಲಿಯೇ ತಿಳಿಸಿ ಕಾರು ಹತ್ತಿದರು. ಸಹಿ ಇಲ್ಲದೆ ಕಣಜದಲ್ಲಿ ಒಲೆ ಹಚ್ಚುವಂತಿಲ್ಲ.

ಅಂದು ಸಂಜೆ ಶೆಟ್ಟರು ನನ್ನನ್ನು ಕೇಳಿದ ಪ್ರಶ್ನೆ ನೇರವಾಗಿತ್ತು. “ಅಕ್ಕ, ಮಾವನನ್ ಬಿಡಿ. ನಿಮ್ಮನ್ ಕೇಂತೆ. ಆ ಅಂಟ್ ಹಾಕ್ರೆ ನಾಡಿದ್ ಹೋಟೆಲ್ ತೆಗುಕಾತ್ತ್. ಹಾಕದಿದ್ರೆ ಯಾವಾಗ ಅಂದೇಳಿ ದೇವರಿಗೇ ಗೊತ್ತ್. ಅಡುಗಿಯವ್ರ್ ಮುಖ ಕಾಂಬುಕಾತಿಲ್ಲ ನಂಗೆ.”

“ಹಾಕಿದ್ರೆ ಬೇಗ ತೆಗೀಬಹುದು. ಕೆಲವು ವರ್ಷ ಆದ್ಮೇಲೆ ಆ ಕಂಬ ಕೀಳೋಕೆ ಹೋಟೆಲನ್ನೇ ಮತ್ತೆ ಮುಚ್ಚಬೇಕಾಗುತ್ತೆ. ಆಗ ನಾನೂ ಇರಲ್ಲ, ಗ್ರಹಾಂ ಕೂಡ ಇರಲ್ಲ. ನೀವು ಮಾತ್ರ ಇರ್ತೀರಿ.”

ಅವರು ಹೆಂಡತಿಯ ಕಡೆ ತಿರುಗಿದರು. ವನಜಾ ಪೆಟ್ಟಿಗೆಯಿಂದ ಎದ್ದರು. “ಎಂತ ನನ್ ಮುಖ ಕಾಂತ್ರಿ? ಪಾರ್ಕ್ ರಾಯಲ್ಲಿನಲ್ ಒಂದ್ ಅಡುಗಿ ಶೆಡ್ಡ್ ಖಾಲಿ ಇತ್ತ್ ಅಂದೇಳಿ ನಾನ್ ನಿನ್ನೆಯೇ ಕೇಂಡ್ ಇಟ್ಟಿದೆ. ಹಿಟ್ಟ್ ಕಡುಕೆ ಕಣಜವೇ ಆಯ್ಕಾ?”

ಆ ಚಳಿಗಾಲ ಪೂರ್ತಿ ಅವರು ಪಾರ್ಕ್ ರಾಯಲ್‌ನ ಗೋದಾಮುಗಳ ನಡುವೆ ದೋಸೆ ಹಿಟ್ಟು ರುಬ್ಬಿ, ಡಬ್ಬಿಗೆ ತುಂಬಿ, ಅಂಗಡಿ ಅಂಗಡಿಗೆ ಹಾಕಿದರು. ಹೋಟೆಲಿನ ಹೆಸರು ಹೇಗೋ ಜೀವ ಹಿಡಿದುಕೊಂಡಿತು. ಆದರೂ ಒಬ್ಬ ಅಡುಗೆಯವರು ಕಾಯಲಾರದೆ ಹೆಂಡತಿ ಮಗುವಿನೊಂದಿಗೆ ಊರಿಗೆ ಹೋದರು. ಒಳ್ಳೆಯ ಗೋಳಿಬಜೆ ಮಾಡುತ್ತಿದ್ದರು ಎಂದು ವನಜಾ ಈಗಲೂ ಹೇಳುತ್ತಾರೆ. ಮಾವನ ವೀಸಾ ಮುಗಿಯಿತು, ಅವರೂ ಹೋದರು. ನಾನು ಗ್ರಹಾಂಗೆ ಮತ್ತೆ ಮತ್ತೆ ಬರೆದೆ. ಉತ್ತರವಾಗಿ ‘ಗಮನಿಸಲಾಗಿದೆ’ ಎಂದು ಬರುತ್ತಿತ್ತು. ಏನನ್ನೂ ಗಮನಿಸದಿದ್ದಾಗ ಬರೆಯುವ ಪದ ಅದು.

ಕಣಜ ಕೊನೆಗೆ ತೆರೆದದ್ದು ಓಕ್‌ನ ಬಗ್ಗೆ ಯಾರಿಗೋ ಜ್ಞಾನೋದಯವಾಗಿ ಅಲ್ಲ. ಕೌನ್ಸಿಲ್ ತನ್ನ ವಿಭಾಗಗಳನ್ನು ಮತ್ತೊಮ್ಮೆ ಕಲಸಿತು. ಗ್ರಹಾಂ ಪಾರ್ಕಿಂಗ್ ವಿಭಾಗಕ್ಕೆ ಹೋದರು. ಅವರ ಜಾಗಕ್ಕೆ ಬಂದ ಯುವತಿಗೆ ಬಾಕಿ ಕಡತಗಳನ್ನು ಕಡಿಮೆ ಮಾಡಿ ತೋರಿಸುವ ಅವಸರ. ಕಣಜದ ಕಡತ ತೆರೆದು, “ಇದು ಯಾಕೆ ನಿಂತಿದೆ?” ಎಂದಳು.

“ಕಂಬಗಳಲ್ಲಿ ಬಿರುಕುಗಳಿವೆ. ಹಸಿ ಓಕ್‌ನಲ್ಲಿ ಅದು ಸಹಜ. ಒಮ್ಮೆ ಬಂದು ನೋಡಿ, ತೋರಿಸುತ್ತೇನೆ.”

“ಸಹಜ ಅಂದಿರಲ್ಲ, ನೋಡುವುದೇನು?” ಎಂದವಳೇ ಸಹಿ ಹಾಕಿದಳು.

ಅವಳ ಸಹಿ ಸರಿ, ಗ್ರಹಾಂ ನಿರಾಕರಣೆ ತಪ್ಪು. ಇಬ್ಬರೂ ಮರವನ್ನು ನೋಡಿದ್ದು ಮಾತ್ರ ಒಂದೇ ಅಳತೆಯಲ್ಲಿ. ಆ ಮಧ್ಯಾಹ್ನ ನನಗೆ ಸಂತೋಷವಾಗಬೇಕಿತ್ತು. ಊರಿಗೆ ವಾಪಸು ಹೋದ ಆ ಅಡುಗೆಯವರ ನೆನಪಾಯಿತು.

ಹೋಟೆಲು ತೆರೆದ ದಿನ ಊಟಕ್ಕೆ ಹೋಗಿದ್ದೆ. ನನ್ನ ಪಕ್ಕದ ಮೇಜಿನಲ್ಲಿ ಬೆಂಗಳೂರಿನವರೊಬ್ಬರು, ಯಾವುದೋ ಐಟಿ ಕಂಪನಿಯವರು, ಕಂಬದ ಕಡೆ ಬೆರಳು ತೋರಿಸಿ ಶೆಟ್ಟರನ್ನು ಕರೆದರು. “ಏನ್ ಸಾರ್ ಇದು, ಹೊಸ ಕಂಬ ಆಗ್ಲೇ ಕ್ರ್ಯಾಕ್ ಬಿಟ್ಟಿದೆ? ಕಾಂಟ್ರಾಕ್ಟರ್ ಸರಿಯಾಗಿ ಟೋಪಿ ಹಾಕಿದಾನೆ ನಿಮ್ಗೆ. ನನಗೆ ಗೊತ್ತಿರೋರೊಬ್ರು ಇದಾರೆ, ಫಿಲ್ಲರ್ ಹಾಕಿ ನೀಟಾಗಿ ಮುಚ್ಚಿಕೊಡ್ತಾರೆ. ನಂಬರ್ ಕೊಡ್ಲಾ?”

ಶೆಟ್ಟರು ಕೈಯಲ್ಲಿದ್ದ ಸಾಂಬಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟರು. ಬಿರುಕಿನ ಕಡೆ ಒಮ್ಮೆ ನೋಡಿದರು.

“ನಂಬರ್ ಇರ್ಲಿ ಸಾರ್,” ಎಂದರು. “ನೀವ್ ಬಿಸಿ ಇಪ್ಪಾಗ್ಳೇ ಊಟ ಮಾಡಿ.”